ತಂತ್ರಾಂಶ: ತಯಾರಿಕೆಯೋ, ಕೃತಿರಚನೆಯೋ?

ದಿನಕ್ಕೆ ಎಷ್ಟು ಸಾಲು ಕೋಡ್ ಬಂತು ಎಂದು ಲೆಕ್ಕ ಹಾಕಿ ತಂತ್ರಾಂಶ ಬರೆಯುವವರನ್ನು ಅಳೆಯುವ ರೂಢಿಯನ್ನು ನಾನು ಒಪ್ಪಲಾರೆ. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ತಂತ್ರಾಂಶದ ಕುರಿತು ನಡೆದ ನ್ಯಾಟೋ ಸಮ್ಮೇಳನದಲ್ಲಿ ಕಂಪ್ಯೂಟರ್ ವಿಜ್ಞಾನಿ ಡಗ್ ಮೆಕ್‌ಇಲ್ರಾಯ್ ಅವರು, ಕಾರ್ಖಾನೆಯ ಬಿಡಿಭಾಗಗಳಂತೆ ತಂತ್ರಾಂಶದ ಘಟಕಗಳೂ ಸಿದ್ಧವಾಗಿ ಸಿಗಬೇಕೆಂದು ವಾದಿಸಿದ್ದರು; ಇಂದಿನ ಲೈಬ್ರರಿಗಳನ್ನು, ಅಂದರೆ ಯಾರು ಬೇಕಾದರೂ ಎತ್ತಿ ಬಳಸಬಹುದಾದ ಸಿದ್ಧ ಕೋಡ್‌ನ ಸಂಗ್ರಹಗಳನ್ನು, ನೋಡಿದರೆ ಆ ಮಾತು ಬಹುಮಟ್ಟಿಗೆ ನಿಜವಾಗಿದೆ. ಆದರೆ ತಯಾರಿಕೆಯ ಜೀವಾಳವೇ ಒಂದು ವಸ್ತುವನ್ನು ಮತ್ತೆ ಮತ್ತೆ ಮಾಡುವುದು, ಮತ್ತು ತಂತ್ರಾಂಶದಲ್ಲಿ ಆ ಭಾಗವನ್ನು ಕಂಪ್ಯೂಟರೇ ಹೆಚ್ಚುಕಡಿಮೆ ಖರ್ಚಿಲ್ಲದೆ ಮುಗಿಸಿಬಿಡುತ್ತದೆ. ಉಳಿಯುವುದು ನಿರ್ಧಾರಗಳು: ಜನವರಿ 31ರಂದು ಆರಂಭವಾದ ಮಾಸಿಕ ಚಂದಾ ಫೆಬ್ರವರಿಯಲ್ಲಿ ಯಾವ ದಿನ ನವೀಕರಣಗೊಳ್ಳಬೇಕು, ಮಾರ್ಚ್‌ನಲ್ಲಿ ಮತ್ತೆ 31ಕ್ಕೆ ಮರಳಬೇಕೋ, 28ಕ್ಕೇ ನಿಲ್ಲಬೇಕೋ ಎಂಬುದನ್ನು ಒಬ್ಬರು ಕುಳಿತು ಯೋಚಿಸಿ, ಮುಂದೆ ಓದುವವರಿಗೂ ಕಾರಣ ತಿಳಿಯುವಂತೆ ಬರೆಯಬೇಕು. ಇದು ಲೇಖಕರ ಕೆಲಸ. ಬೌದ್ಧಿಕ ಆಸ್ತಿಯ ಹಕ್ಕುಗಳ ಕುರಿತಾದ 1994ರ ಅಂತರರಾಷ್ಟ್ರೀಯ ಟ್ರಿಪ್ಸ್ ಒಪ್ಪಂದದ 10ನೇ ವಿಧಿಯೂ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳೆಂದೇ ರಕ್ಷಿಸಬೇಕೆನ್ನುತ್ತದೆ. ಹೀಗಿದ್ದರೂ, ಉದ್ಯೋಗದಲ್ಲಿದ್ದು ಬರೆದುದರ ಹಕ್ಕು ಸಾಮಾನ್ಯವಾಗಿ ಸಂಸ್ಥೆಗೇ ಸೇರುವುದರಿಂದ, ಬರೆದವರ ಹೆಸರು ಬಳಕೆದಾರರಿಗೆ ಕಾಣುವುದೇ ಅಪರೂಪ. ಚಲನಚಿತ್ರದ ಕೊನೆಯಲ್ಲಿ ಬೆಳಕು ಜೋಡಿಸಿದವರ ಹೆಸರೂ ಬರುತ್ತದೆ. ಕೋಟ್ಯಂತರ ಜನ ದಿನವೂ ಬಳಸುವ ಆ್ಯಪ್‌ಗಳಲ್ಲಿಯೂ ಅಂಥದೊಂದು ಪುಟ ಇರಲೇಬೇಕೆಂಬುದು ನನ್ನ ಒತ್ತಾಯ.