ಪ್ಲೇಗಿನ ಬೆನ್ನಿಗೆ ಬೆಳೆದ ಮಾಟುಂಗ

ಮುಂಬಯಿಯ ಸೆಂಟ್ರಲ್ ಲೈನಿನಲ್ಲಿ ಮಾಟುಂಗಕ್ಕೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ರೈಲೇ ಗತಿ. ದಾದರಿನಲ್ಲಿ ಚಿಕ್ಕಪ್ಪನ ಜೊತೆ ಹತ್ತಿ, ಸೀಟು ಹುಡುಕುವಷ್ಟರಲ್ಲಿ ಇಳಿಯುವ ಹೊತ್ತಾಗಿತ್ತು. 2017ರಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಯಿಂದ ಸುದ್ದಿಯಾದ ಸ್ಟೇಷನ್ ಇದು.

ಪೂರ್ವಕ್ಕೆ ಇಳಿದರೆ ಮಲ್ಲಿಗೆ, ವೀಳ್ಯದೆಲೆ, ಬಾಳೆಎಲೆ. ಹೂ ಕಟ್ಟುವವನೊಬ್ಬ ಗಿರಾಕಿಯೊಂದಿಗೆ ತಮಿಳಿನಲ್ಲಿ ಚೌಕಾಸಿ, ಪಕ್ಕದ ಅಂಗಡಿಯವನೊಂದಿಗೆ ಮರಾಠಿಯಲ್ಲಿ ಜಗಳ ನಡೆಸಿದ್ದ. ಬೆರಳುಗಳು ಮಾತ್ರ ಗಂಟಿನ ಮೇಲೆ ಗಂಟು ಹಾಕುತ್ತಲೇ ಇದ್ದವು.

ಒಳಗೆ ಹೋದಂತೆ ರಸ್ತೆ ಅಗಲವಾಗುತ್ತದೆ, ನೆರಳು ಸಿಗುತ್ತದೆ. ಈ ಸುಖದ ಹಿಂದೆ ಇರುವುದು ಒಂದು ಮಾರಿ. 1896ರಲ್ಲಿ ಮುಂಬಯಿ ಬಂದರಿನ ಬಳಿಯ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ, ಅಂದರೆ ಸಾಲು ಕೋಣೆಗಳ ಬಾಡಿಗೆ ವಠಾರಗಳಲ್ಲಿ, ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅದರ ಬೆನ್ನಿಗೇ, ಊರಿನ ಇಕ್ಕಟ್ಟು ಕಳೆದು ಸುಧಾರಿಸಲೆಂದು, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗ, ವಡಾಲ, ಸಾಯನ್ ಕಡೆಗೆ ಊರು ಹಬ್ಬಿಸುವ ಯೋಜನೆ ಬಂತು. ಮೊದಲು ರಸ್ತೆ, ಚರಂಡಿ, ಮನೆ ಆಮೇಲೆ. ನಮ್ಮೂರ ಬಡಾವಣೆಗಳಲ್ಲಿ ಇದೇ ಉಲ್ಟಾ! ಪಕ್ಕದ ಪಾರ್ಸಿ ಕಾಲೊನಿಯ ಫೈವ್ ಗಾರ್ಡನ್ಸ್ ಕೂಡ ಈ ಯೋಜನೆಯದೇ ಫಲ.

ಬಾಡಿಗೆಗೆ ಬಂದವರಲ್ಲಿ ದಕ್ಷಿಣದ ಗುಮಾಸ್ತರು ಬಹಳ. ಗುಮಾಸ್ತರು ಬಂದಲ್ಲಿಗೆ ಅನ್ನ ಸಾರು ಬರಲೇಬೇಕಲ್ಲ, ತಂದವರು ಉಡುಪಿ ಕಡೆಯವರು. ಎ. ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ನಿನ ಹತ್ತಿರವೇ ಮಹಡಿಯ ಮೇಲಿದೆ. ಕೂಪನ್ ಕೊಟ್ಟು ಎಲೆಯ ಮುಂದೆ ಕೂತೆವು. ಚಿಕ್ಕಪ್ಪ ಅನ್ನದ ನಡುವೆ ಗುಂಡಿ ಮಾಡಿ ಕಾದರು. ಸಾರಿನವನು ಒಂದೇ ಸೌಟು ಹಾಕಿ ಮುಂದಕ್ಕೆ ಹೊರಟಾಗ, "ಮಾರಾಯ, ಓಡ್ಬೇಡ, ಇನ್ನೊಂದು ಹಾಕು" ಅಂದರು. ಅವನು ಕನ್ನಡದಲ್ಲೇ ನಕ್ಕಂತಿತ್ತು!

ಊಟವಾದ ಮೇಲೆ ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಶನ್ ಕಡೆ ನಡೆದೆವು. 1926ರ ಸಂಸ್ಥೆ, ಮುಂಬಯಿ ಕನ್ನಡಿಗರ ನಾಟಕ, ಸಂಗೀತಕ್ಕೆಲ್ಲ ಅಡ್ಡೆ. ದಾರಿಯಲ್ಲಿ ದುಂಡು ಬಾಲ್ಕನಿಯ ಹಳೆಯ ಕಟ್ಟಡಗಳು, ನಡುನಡುವೆ ತಗಡಿನ ಬೇಲಿ, ಅದರಾಚೆ ಏಳುತ್ತಿರುವ ಟವರು. ಹಳೆಯದೇ ಚೆಂದ ಎಂದೆ.

"ಮಂಡಿನೋವು ಇಟ್ಟುಕೊಂಡು ಲಿಫ್ಟಿಲ್ಲದ ಮೂರು ಮಹಡಿ ಹತ್ತು, ಆಮೇಲೆ ಹೇಳು" ಅಂದರು ಚಿಕ್ಕಪ್ಪ.

ಹೋಗುವವರು ಸೋಮವಾರ ಬಿಟ್ಟು ಹೋಗಿ. ಅವತ್ತು ರಾಮ ನಾಯಕರಲ್ಲಿ ಒಲೆ ಹಚ್ಚುವುದಿಲ್ಲ.