ಒಣಬೆಟ್ಟದ ಬಣ್ಣ

ಕೋಲಾರ, 16 ಮಾರ್ಚ್ 2025, ಭಾನುವಾರ ರಾತ್ರಿ

ಪಕ್ಕದ ತಮಕ ಎಂಬ ಊರಿನಿಂದ ಬರುವ ಅಕ್ಕ ಇನ್ನು ಮುಂದೆ ನಮ್ಮ ಅಂತರಗಂಗೆ ಬೆಟ್ಟದ ಚಿತ್ರ ಬರೆಯುವುದಿಲ್ಲವಂತೆ. ತಿಂಗಳಿಗೊಮ್ಮೆ ಸೇರುವ ನಮ್ಮ ಚಿತ್ರ ಬರೆಯುವವರ ಗುಂಪು ಇಂದು ಮೇಷ್ಟ್ರ ಮನೆಯ ಮಹಡಿಯಲ್ಲಿ ಸೇರಿ, ಎಲ್ಲರೂ ತಂತಮ್ಮ ಚಿತ್ರಗಳನ್ನು ಗೋಡೆಗೆ ಒರಗಿಸುತ್ತಿದ್ದಾಗ, ತಮ್ಮದನ್ನು ಚೀಲದಿಂದ ಹೊರತೆಗೆಯುವ ಮೊದಲೇ ಅವರು ಈ ಮಾತನ್ನು ಹೇಳಿಬಿಟ್ಟರು. ಶುಕ್ರವಾರದಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಆರಂಭವಾಗುತ್ತದೆ. ಮಕ್ಕಳಿಗೆ ಕೊಡಬೇಕಾದ ವಿಜ್ಞಾನದ ಟಿಪ್ಪಣಿ ಇನ್ನೂ ಅರ್ಧದಲ್ಲಿದೆ. ಆದರೂ ಅದನ್ನು ಪಕ್ಕಕ್ಕಿಟ್ಟು ಇದನ್ನು ಬರೆಯಲು ಕುಳಿತಿದ್ದೇನೆ, ಏಕೆಂದರೆ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಆದದ್ದು ಇಷ್ಟು. ಹೋದ ತಿಂಗಳು ನಾವೆಲ್ಲರೂ ಮೆಚ್ಚಿದ್ದ ಬೆಟ್ಟದ ಚಿತ್ರಕ್ಕೆ ಗಾಜು, ಕಟ್ಟು ಹಾಕಿಸಿ ಅಕ್ಕ ಅದನ್ನು ಬಂಧುಗಳ ಮನೆಯ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಒಯ್ದಿದ್ದರು. ಅಲ್ಲಿ ಹಿರಿಯರೊಬ್ಬರು, ‘ಹೊಸ ಮನೆಗೆ ಒಣಗಿದ ಬೆಟ್ಟವನ್ನೇಕೆ ತಂದೆಯಮ್ಮ, ಹಸಿರಾಗಿರುವುದು ಯಾವುದೂ ಇರಲಿಲ್ಲವೇ?’ ಎಂದರಂತೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಮಳೆಗಾಗಿ ಮುಗಿಲು ನೋಡುತ್ತಲೇ ವಯಸ್ಸು ಕಳೆದವರಿಗೆ, ಸಾವಿರ ಅಡಿಗೂ ಮೀರಿ ಕೊರೆಸಿದ ಕೊಳವೆಬಾವಿಯಲ್ಲಿ ಬರೀ ಧೂಳು ಕಂಡವರಿಗೆ, ಗೋಡೆಯ ಮೇಲಾದರೂ ಹಸಿರು ಇರಲಿ ಎನ್ನಿಸುವುದು ಸಹಜ. ಆದರೆ ಆ ಮಾತು ಅಕ್ಕನ ಮನಸ್ಸಿಗೆ ನಾಟಿತು. ಮೊದಲು ಅವರು ಬರೆಯುತ್ತಿದ್ದ ಹಿಮದ ಶಿಖರ, ಪೈನ್ ಮರಗಳ ಸಾಲು, ಸರೋವರದ ದಂಡೆಯ ಮರದ ಮನೆ, ಇವನ್ನೆಲ್ಲ ಜನ ಕೇಳಿ ಕೇಳಿ ಒಯ್ಯುತ್ತಿದ್ದರು. ‘ಇನ್ನು ಅದನ್ನೇ ಬರೆಯುತ್ತೇನೆ. ನೋಡುವವರಿಗೂ ಸಂತೋಷ, ನನಗೂ ನೆಮ್ಮದಿ’ ಎಂದು ಹೇಳಿ ಚೀಲವನ್ನು ಮಡಿಲಿನಲ್ಲಿಯೇ ಇಟ್ಟುಕೊಂಡು ಕುಳಿತರು.

ಮೇಷ್ಟ್ರು ಕೂಡಲೇ ಉತ್ತರ ಕೊಡಲಿಲ್ಲ. ಎಲ್ಲರ ಕೈಗೂ ಕಾಫಿ ಬಂದ ಮೇಲೆ ರಷ್ಯಾದ ಚಿತ್ರಕಾರ ರೋರಿಕ್ ಅವರ ವಿಷಯ ತೆಗೆದರು. ನಿಕೊಲಸ್ ರೋರಿಕ್ 1928ರಲ್ಲಿ ಕುಲು ಕಣಿವೆಯ ನಗ್ಗರ್‌ಗೆ ಬಂದು ನೆಲೆಸಿ, 1947ರಲ್ಲಿ ತೀರಿಕೊಳ್ಳುವವರೆಗೂ ಹಿಮಾಲಯವನ್ನು ಬರೆಯುತ್ತಲೇ ಇದ್ದರು. ‘ಅವರು ಕಿಟಕಿ ತೆರೆದರೆ ಹಿಮಾಲಯ ಕಾಣುತ್ತಿತ್ತು, ಬರೆದರು. ನಾವು ತೆರೆದರೆ ಅಂತರಗಂಗೆಯ ಈ ಶತಶೃಂಗ ಬೆಟ್ಟ ಕಾಣುತ್ತದೆ. ಹಿಮವನ್ನು ನೀವು ನೋಡಿದ್ದು ಕ್ಯಾಲೆಂಡರಿನಲ್ಲಿ. ಬಂಡೆಯನ್ನು ನೋಡಿದ್ದು ಕಣ್ಣಾರೆ’ ಎಂದರು. ಬಳಿಕ ನೆರೆಯ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ಚಿತ್ರಕಾರ ರುಮಾಲೆ ಚನ್ನಬಸವಯ್ಯನವರ ಮಾತು ಬಂತು. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲವನ್ನೂ ಹಾದು ಮತ್ತೆ ಕುಂಚ ಹಿಡಿದ ಮೇಲೆ ಅವರು ಬೆಂಗಳೂರಿನ ರಸ್ತೆಬದಿಯ ಹೂಮರಗಳನ್ನು ಬರೆದರು. ಆ ಚಿತ್ರಗಳ ಕೆಂಪು, ಹಳದಿಗಳ ಮುಂದೆ ನಿಂತರೆ ನಮ್ಮ ಬಣ್ಣಗಳೆಲ್ಲ ಎಷ್ಟು ಅಂಜುತ್ತ ಹಚ್ಚಿದವು ಎಂದು ತಿಳಿಯುತ್ತದೆ ಎಂದು ಮೇಷ್ಟ್ರು ಹೇಳಿದರು.

ಮೇಷ್ಟ್ರು ಹೇಳಿದ್ದರಲ್ಲಿ ಒಂದಕ್ಷರವನ್ನೂ ನಾನು ಅಲ್ಲಗಳೆಯಲಾರೆ. ಆದರೆ ದೊಡ್ಡವರ ಹೆಸರು ಬಂದಷ್ಟೂ ಅಕ್ಕನ ಮುಖ ಇನ್ನಷ್ಟು ಸಪ್ಪಗಾಗುತ್ತಿತ್ತು. ನೊಂದ ಹೊತ್ತಿನಲ್ಲಿ ರೋರಿಕ್ ಆಗಲಿ ರುಮಾಲೆಯವರಾಗಲಿ ಬಹಳ ದೂರದವರು. ಆಗ ಬೇಕಾದದ್ದು ಪಕ್ಕದಲ್ಲಿ ಕುಳಿತವರ ಮಾತು.

ಆ ಮಾತನ್ನು ಆಡಿದವರು ಕೆಜಿಎಫ್‌ನಿಂದ ಬರುವ ಅಣ್ಣ. ಅವರು ಹೆಚ್ಚು ಮಾತನಾಡುವವರಲ್ಲ ಎಂಬುದು ಎಲ್ಲರಿಗೂ ಗೊತ್ತು. ‘ಅಕ್ಕ, ನಾನು ಮೊದಲ ಸಲ ಸೈನೈಡ್ ದಿಬ್ಬದ ಚಿತ್ರ ತಂದ ದಿನ ನೆನಪಿದೆಯೇ? ಇದೇ ಗೋಡೆಗೆ ಒರಗಿಸಿದ್ದೆ. ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ನೀವೊಬ್ಬರೇ ಎದ್ದು ಹತ್ತಿರ ಬಂದು, ನೆರಳಿಗೆ ಈ ನೇರಳೆಯನ್ನು ಹೇಗೆ ತಂದಿರಿ ಎಂದು ಕೇಳಿದಿರಿ’ ಎಂದರು. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೂ ಅದಿರಿನಿಂದ ಚಿನ್ನ ತೆಗೆದು ಚೆಲ್ಲಿದ ಆ ಹುಡಿಮಣ್ಣಿನ ದಿಬ್ಬಗಳು ಊರಿನ ನಡುವೆ ಹಾಗೆಯೇ ನಿಂತಿವೆ. ಅಲ್ಲಿಯವರಿಗೆ ಅದು ಗಾಳಿ ಬೀಸಿದರೆ ಮನೆಯೊಳಗೆ ನುಗ್ಗುವ ಧೂಳು. ಅದರ ಮೇಲೆ ಸಂಜೆಯ ಬಿಸಿಲು ಬಿದ್ದಾಗ ಕಾಣುವ ಗುಲಾಬಿ ಬಣ್ಣವನ್ನು ಅಣ್ಣ ಬರೆದು ತಂದಿದ್ದರು. ‘ನೀವು ಚೆನ್ನಾಗಿದೆ ಎಂದು ಹೇಳಿ ಸುಮ್ಮನಾಗಿದ್ದರೆ ನಾನು ಇನ್ನೊಂದನ್ನು ಬರೆಯುತ್ತಿರಲಿಲ್ಲವೋ ಏನೋ. ಹೇಗೆ ತಂದಿರಿ ಎಂದು ಕೇಳಿದ್ದಕ್ಕೆ, ಇದರಲ್ಲಿ ಕೇಳುವಂಥದ್ದೇನೋ ಇದೆ ಎಂದುಕೊಂಡೆ.’

ಅಕ್ಕ ಏನೂ ಹೇಳಲಿಲ್ಲ. ಆದರೆ ಚೀಲದಿಂದ ಚಿತ್ರವನ್ನು ತೆಗೆದರು.

ತೆಳುವಾದ ಕಾರ್ಟ್‌ರಿಜ್ ಹಾಳೆ. ನೀರು ಕುಡಿದು ನೆನೆದ ಹಪ್ಪಳದಂತೆ ಅಂಚುಗಳು ಮೇಲೆದ್ದಿದ್ದವು. ಹಾಳೆಯನ್ನು ಮೊದಲು ನೆನೆಸಿ, ಹಲಗೆಯ ಮೇಲೆ ಹರಡಿ, ನಾಲ್ಕೂ ಬದಿಗೆ ಗಮ್ ಟೇಪ್ ಅಂಟಿಸಿ ಒಣಗಿಸಿಕೊಂಡರೆ ಹೀಗಾಗುವುದಿಲ್ಲವೆಂದು ಮೇಷ್ಟ್ರು ಬಹಳ ಸಲ ಹೇಳಿದ್ದಾರೆ. ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆಗೆ ಅಷ್ಟು ಉಪಚಾರ ಬೇಡ, ಆದರೆ ಅದನ್ನು ಕೊಳ್ಳಲು ಮನೆಯ ಖರ್ಚಿನಿಂದ ಹಣ ಉಳಿಸಬೇಕು. ಹಾಳೆಯ ಮಾತು ಇರಲಿ. ಚಿತ್ರ ನೋಡಿದ ಮೇಲೆ ಯಾರೂ ಅದರ ಅಂಚನ್ನು ನೋಡಲಿಲ್ಲ.

ಬೆಟ್ಟ ನಮ್ಮ ಊರಿಗೆ ಪಶ್ಚಿಮಕ್ಕಿರುವುದರಿಂದ ಸಂಜೆಯಾಗುತ್ತ ಬಂದಂತೆ ಸೂರ್ಯ ಅದರ ಹಿಂದಕ್ಕೆ ಸರಿಯುತ್ತಾನೆ; ಊರಿನ ಕಡೆಯ ಬಂಡೆಗಳೆಲ್ಲ ನೆರಳಿಗೆ ಬೀಳುತ್ತವೆ, ಇತ್ತ ಹೊಲದ ಕೆಮ್ಮಣ್ಣಿನ ಮೇಲೆ ಮಾತ್ರ ಇನ್ನೂ ಬಿಸಿಲಿರುತ್ತದೆ. ಅಕ್ಕ ಬರೆದದ್ದು ಆ ಗಳಿಗೆಯನ್ನು. ಕೆಳಗೆ ಉತ್ತು ಬಿಟ್ಟ ನೆಲ, ಅದರ ಅಂಚಿನಲ್ಲಿ ಎಲೆಯಿಲ್ಲದೆ ಹೂ ಬಿಟ್ಟ ಒಂದು ಮುತ್ತುಗದ ಮರ, ಮೇಲೆ ಒಂದರ ಮೇಲೊಂದು ಕೂತ ದುಂಡುಬಂಡೆಗಳು. ಮಳೆನೀರು ಇಳಿಯುವ ದಾರಿಯಲ್ಲಿ ಪಾಚಿ ಕಟ್ಟಿ ಒಣಗಿ ಕಪ್ಪಾದ ಉದ್ದನೆಯ ಗೆರೆಗಳಿರುತ್ತವಲ್ಲ, ಅವನ್ನು ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದಿದ್ದರು. ಹಾಳೆಯ ತರಿಯ ಮೇಲೆ ಬಣ್ಣ ಕೆಲವೆಡೆ ಹಿಡಿದು ಕೆಲವೆಡೆ ತಪ್ಪಿ, ಬಂಡೆಯ ಒರಟು ತಾನಾಗಿಯೇ ಬಂದಿತ್ತು.

ಗುಲ್‌ಪೇಟೆಯ ಹುಡುಗ ಬಹಳ ಹೊತ್ತು ನೋಡಿ, ‘ಎಲ್ಲ ಸರಿಯಾಗಿದೆ ಅಕ್ಕ, ಆದರೆ ಬಂಡೆ ಇಷ್ಟು ನೀಲಿ ಎಲ್ಲಿರುತ್ತದೆ?’ ಎಂದ. ಅಕ್ಕನಿಗೆ ಗಾಬರಿಯಾಯಿತು. ತಾವು ಹಚ್ಚಿದ್ದು ಬೂದು ಬಣ್ಣ, ಬರ್ನ್ಟ್ ಸಿಯೆನಾ ಎಂಬ ಕಂದುಗೆಂಪಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿ ಎರಡೂ ಎದ್ದು ಕಾಣದಂತೆ ಮಾಡಿಕೊಂಡದ್ದು ಎಂದು ಅವರು ಹೇಳುತ್ತಿದ್ದರೂ ನಮ್ಮೆಲ್ಲರ ಕಣ್ಣಿಗೂ ಅದು ನೀಲಿಯಾಗಿಯೇ ಕಾಣುತ್ತಿತ್ತು. ನಾನು ಒಂದು ಬಿಳಿಯ ಕಾರ್ಡಿನಲ್ಲಿ ಉಗುರಿನಗಲದ ತೂತು ಕತ್ತರಿಸಿ ಚಿತ್ರದ ಮೇಲಿಟ್ಟೆ. ಸುತ್ತಲಿನ ಮಣ್ಣು ಮರೆಯಾಗಿ ಬಂಡೆಯ ಆ ಒಂದು ಚೂರಷ್ಟೇ ತೂತಿನಲ್ಲಿ ಉಳಿದಾಗ ಅದು ಬೂದು, ಅಪ್ಪಟ ಬೂದು. ಕಾರ್ಡನ್ನು ತೆಗೆದರೆ ಮತ್ತೆ ನೀಲಿ. ಕಿತ್ತಳೆಗೆಂಪಿನ ಪಕ್ಕದಲ್ಲಿ ಬಂದುದರಿಂದ ಕಣ್ಣೇ ಆ ಬೂದಿಗೆ ನೀಲಿಯನ್ನು ಸೇರಿಸಿಕೊಳ್ಳುತ್ತಿತ್ತು. ಹುಡುಗ ಕಾರ್ಡನ್ನು ನನ್ನ ಕೈಯಿಂದ ಕಿತ್ತುಕೊಂಡು ಚಿತ್ರದ ಉದ್ದಗಲಕ್ಕೂ ಸರಿಸಿ ಸರಿಸಿ ನೋಡಿದ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞರಿಗೆ ಇಂಥದ್ದೇ ದೂರು ಬಂದಿತ್ತು, ನೂಲಿನ ಕಪ್ಪು ಕಳೆಗುಂದಿದೆ ಎಂದು. ಪರೀಕ್ಷಿಸಿದರೆ ಬಣ್ಣದಲ್ಲಿ ಕೊರತೆಯಿರಲಿಲ್ಲ, ಪಕ್ಕದ ನೂಲಿನ ಬಣ್ಣದಿಂದಾಗಿ ಹಾಗೆ ಕಾಣುತ್ತಿತ್ತು. 1839ರಲ್ಲಿ ಅವರು ಇದನ್ನೆಲ್ಲ ಒಂದು ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ನಾನು ಇದನ್ನು ಹೇಳುತ್ತಿದ್ದಾಗ ಅಕ್ಕ ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ ತಿಳಿಯದು. ಅವರು ತಮ್ಮ ಬಂಡೆಯನ್ನೇ ನೋಡುತ್ತಿದ್ದರು.

ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಂಡದ್ದು ಇನ್ನೊಂದು. ನಮ್ಮಲ್ಲಿ ಯಾರೇ ದೂರದ ಬೆಟ್ಟ ಬರೆದರೂ ಅದಕ್ಕೆ ನೀಲಿ ಹಚ್ಚುತ್ತಾರೆ, ಹಾಗೆಂದು ಎಲ್ಲರೂ ಕಲಿತಿದ್ದೇವೆ. ಅದು ಸುಳ್ಳಲ್ಲ. ಗಾಳಿಯ ಕಣಗಳು ಬೆಳಕಿನಲ್ಲಿರುವ ನೀಲಿಯನ್ನು ಹೆಚ್ಚಾಗಿ ಚೆದುರಿಸುವುದರಿಂದ, ಮಳೆ ಬಂದು ಗಾಳಿ ತೊಳೆದುಹೋದ ಕಾರ್ತೀಕದ ಬೆಳಗಿನಲ್ಲಿ ತೇರಹಳ್ಳಿ ಬೆಟ್ಟದ ಮೇಲೆ ನಿಂತು ನೋಡಿದರೆ ದೂರದ ಗುಡ್ಡಗಳು ನಿಜವಾಗಿಯೂ ನೀಲಿ. ಆದರೆ ಈ ಫಾಲ್ಗುಣದಲ್ಲಿ ಗಾಳಿಯ ತುಂಬ ಧೂಳಿರುತ್ತದೆ. ಧೂಳಿನ ಕಣ ದೊಡ್ಡದು, ಅದು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚೆದುರಿಸುತ್ತದೆ, ಹಾಗಾಗಿ ದೂರವೆಲ್ಲ ಬಿಳಿಚಿಕೊಂಡು ಮಬ್ಬಾಗುತ್ತದೆ. ಅಕ್ಕನ ಚಿತ್ರದ ಹಿಂದಿನ ಗುಡ್ಡ ನೀಲಿಯಾಗಿರಲಿಲ್ಲ. ಬೂದು ಬಣ್ಣಕ್ಕೆ ಯೆಲ್ಲೊ ಓಕರ್ ಎಂಬ ಮಣ್ಣುಹಳದಿಯನ್ನು ಒಂದಿಷ್ಟು ಸೋಕಿಸಿ, ಆಕಾಶದೊಳಗೆ ಕರಗಿ ಹೋಗುವಷ್ಟು ತೆಳುವಾಗಿ ಹಚ್ಚಿದ್ದರು.

‘ಅಕ್ಕ, ಈ ಗುಡ್ಡಕ್ಕೆ ನೀಲಿ ಏಕೆ ಹಚ್ಚಲಿಲ್ಲ?’ ಎಂದು ಕೇಳಿದೆ.

‘ಇರಲಿಲ್ಲವಲ್ಲ’ ಎಂದರು.

ಇಡೀ ಸಂಜೆಯಲ್ಲಿ ನಾನು ಕೇಳಿದ ಅತ್ಯಂತ ದೊಡ್ಡ ಮಾತು ಇದೇ ಎಂದು ನನಗನ್ನಿಸುತ್ತದೆ. ಯಾವ ಪುಸ್ತಕವನ್ನೂ ಓದದೆ, ಸಂಜೆಯ ಅಡುಗೆಗೆ ಮುಂಚೆ ಮಾಳಿಗೆಯ ಮೇಲೆ ಸಿಕ್ಕ ಒಂದಿಷ್ಟು ಹೊತ್ತಿನಲ್ಲಿ, ಈ ಹೆಂಗಸು ಕೋಲಾರದ ಮಾರ್ಚ್ ತಿಂಗಳನ್ನು ಕಣ್ಣಿನಿಂದ ಹಿಡಿದು ಹಾಳೆಗಿಳಿಸಿದ್ದಾರೆ. ಇದನ್ನು ನಾನು ಅವರಿಗೆ ಹೇಳಿದೆ, ಇಷ್ಟೇ ಸ್ಪಷ್ಟವಾಗಿ ಹೇಳಿದೆ. ಅವರು ಹಿಮದ ಬೆಟ್ಟ ಬರೆಯುವಾಗ ನೆರಳು ಯಾವ ಕಡೆ ಬೀಳಬೇಕೆಂದು ಮೂಲಚಿತ್ರವನ್ನು ನೋಡಿ ತಿಳಿಯಬೇಕಾಗುತ್ತದೆ. ಇಲ್ಲಿ ಅವರು ಯಾರನ್ನೂ ಕೇಳಬೇಕಾಗಿಲ್ಲ. ಮೇಷ್ಟ್ರು ಒಳಗೆ ಹೋಗಿ ಬರ್ನ್ಟ್ ಸಿಯೆನಾದ ಒಂದು ಹೊಸ ಟ್ಯೂಬ್ ತಂದು ಅಕ್ಕನ ಕೈಗಿಟ್ಟರು. ‘ಇದೂ ಕಬ್ಬಿಣದ ಅಂಶವಿರುವ ಮಣ್ಣನ್ನು ಸುಟ್ಟು ಮಾಡಿದ ಬಣ್ಣ. ನಿಮ್ಮ ಹೊಲದ ಕೆಂಪಿಗೂ ಅದೇ ಕಬ್ಬಿಣ ಕಾರಣ’ ಎಂದರು. ಅಕ್ಕ ಬೇಡ ಬೇಡವೆಂದರೂ ತೆಗೆದುಕೊಂಡರು.

ನಮ್ಮ ಗುಂಪಿನ ಬಗ್ಗೆಯೂ ಒಂದು ಮಾತು ಬರೆಯಬೇಕೆನ್ನಿಸುತ್ತಿದೆ. ಯಾರು ಏನು ತಂದರೂ ಸೂಪರ್, ಅದ್ಭುತ ಎಂದು ಹೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ, ಪ್ರೀತಿಯಿಂದಲೇ ಬೆಳೆಯುತ್ತಿದೆ. ಹೊಸದಾಗಿ ಬಂದವರಿಗೆ ಅದೂ ಬೇಕು. ಆದರೆ ಮುಂದಿನ ಚಿತ್ರಕ್ಕೆ ಅದರಿಂದ ದಾರಿ ಸಿಗುವುದಿಲ್ಲ. ಹಿಮದ ಬೆಟ್ಟಕ್ಕೂ ಅದ್ಭುತ, ಅಂತರಗಂಗೆಗೂ ಅದ್ಭುತ ಎಂದರೆ ಅಕ್ಕನಿಗೆ ಎರಡರ ವ್ಯತ್ಯಾಸ ಹೇಗೆ ತಿಳಿಯಬೇಕು? ಗೃಹಪ್ರವೇಶದ ಆ ಹಿರಿಯರ ಒಂದೇ ಒಂದು ವಾಕ್ಯ ನಮ್ಮೆಲ್ಲರ ಅಷ್ಟು ಮೆಚ್ಚುಗೆಯನ್ನೂ ಮೀರಿ ನಿಂತಿತಲ್ಲ, ಅದಕ್ಕೆ ಕಾರಣ ಅವರು ಚಿತ್ರದಲ್ಲಿ ಏನಿದೆ ಎಂದು ಹೇಳಿದ್ದು. ಒಣಗಿದೆ ಎಂದರು. ನಾವು ಅದರಲ್ಲಿ ಇನ್ನೇನಿದೆ ಎಂದು ಹೇಳಿರಲಿಲ್ಲ.

ಹೊರಡುವಾಗ ಮೆಟ್ಟಿಲ ಬಳಿ, ಮುಂದಿನ ತಿಂಗಳು ಎಲ್ಲರೂ ಸೇರಿ ಕೋಲಾರಮ್ಮನ ಕೆರೆಯ ಏರಿಯ ಮೇಲೆ ಕುಳಿತು ಬರೆಯೋಣವೇ ಎಂದು ಹುಡುಗ ಕೇಳಿದ. ಅಷ್ಟು ಹೊತ್ತಿಗೆ ಹೊಂಗೆಯೆಲ್ಲ ಹೊಸ ಎಲೆಯಿಂದ ತುಂಬಿಕೊಂಡಿರುತ್ತದೆ. ಆ ಎಳೆಹಸಿರಿಗೆ ಟ್ಯೂಬಿನ ಹಸಿರು ಯಾವುದೂ ಸಾಲದು, ಹಳದಿಯಿಂದಲೇ ಆರಂಭಿಸಬೇಕು. ಅಕ್ಕ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ‘ಬೆಳಗ್ಗೆಯಾದರೆ ಆಗದು, ಮನೆಯಲ್ಲಿ ತಿಂಡಿಯಾಗಬೇಕು’ ಎಂದರು. ಸಂಜೆಗೇ ಇಟ್ಟುಕೊಳ್ಳೋಣ ಎಂದು ಮೇಷ್ಟ್ರು ಒಪ್ಪಿದ್ದಾರೆ.

ಈಗ ನನ್ನನ್ನು ಕಾಡುತ್ತಿರುವುದು ಆ ಗೃಹಪ್ರವೇಶದ ಚಿತ್ರ. ಅದನ್ನು ಆ ಮನೆಯವರು ಗೋಡೆಗೆ ಹಾಕಿಲ್ಲವೆಂದು ಅಕ್ಕನ ಮಾತಿನಿಂದ ತಿಳಿಯಿತು. ನನ್ನ ಮನೆಯ ಪಡಸಾಲೆಯಲ್ಲಿ ಪೂರ್ವದ ಗೋಡೆ ಖಾಲಿಯಿದೆ. ಕೇಳಬೇಕೆಂದು ಬಹಳ ಆಸೆಯಾಗುತ್ತಿದೆ. ಕೊಟ್ಟ ಉಡುಗೊರೆಯನ್ನು ಮರಳಿ ಕೇಳಿಸುವುದು ಅಕ್ಕನಿಗೆ ಅವಮಾನ. ಆ ಮನೆಯವರನ್ನು ನಾನೇ ಕೇಳಿದರೆ ಅದು ಇನ್ನೂ ದೊಡ್ಡ ಮಾತಾಗುತ್ತದೆ. ಅಂಥದ್ದೇ ಇನ್ನೊಂದನ್ನು ನನಗಾಗಿ ಬರೆದುಕೊಡಿ, ಹಣ ಕೊಟ್ಟೇ ಒಯ್ಯುತ್ತೇನೆ ಎಂದರೆ ಕನಿಕರದಿಂದ ಕೇಳುತ್ತಿದ್ದಾಳೆ ಎಂದುಕೊಂಡಾರೇ? ಅಥವಾ ದಪ್ಪ ಹಾಳೆಯನ್ನು ನಾನೇ ತರಿಸಿ, ಇದರ ಮೇಲೆ ಬರೆದರೆ ಬೂದು ಬಣ್ಣ ಹೇಗೆ ಕೂರುತ್ತದೆ ನೋಡೋಣ ಎಂದು ಹೇಳಲೇ?