ಕಾದಂಬರಿ ಕೆಲಸ, ಆರನೇ ವಾರ: ಹತ್ತೊಂಬತ್ತು ಬಾಗಿಲು

ಈ ವಾರ ಬರೆದದ್ದು ಬರೀ ನಾಲ್ಕು ಪುಟ. ಜೊತೆಗೆ ಹಿಂದಿನ ಇಪ್ಪತ್ತೆರಡು ಪುಟ ತೆಗೆದು ಪಕ್ಕಕ್ಕಿಟ್ಟಿದ್ದೇನೆ. ಆದರೂ ಖುಷಿಯಾಗಿದ್ದೇನೆ.

ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಬರೆಯುತ್ತಿರುವುದು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟು, ಮುಳುಗಡೆಯವರಿಗಾಗಿ ಕಟ್ಟಿದ ಈ ನವನಗರದ ಸೆಕ್ಟರಿಗೆ ಬಂದ ಒಂದು ಓಣಿಯ ಕಥೆ. ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ನೀರು ಹಳೇ ಊರಿನ ತಗ್ಗಿನ ಓಣಿಗಳಿಗೆ ಬರುವಷ್ಟರಲ್ಲಿ ಒಂದು ತಲೆಮಾರೇ ಮುಗಿದಿತ್ತು. ಅಷ್ಟು ವರ್ಷ ಇವತ್ತು ಬಂತು ನಾಳೆ ಬಂತು ಅಂತ ಕಾದ ಜನ ಹೇಗೆ ಬದುಕಿದರು, ಮಗಳ ಮದುವೆಗೆ ಗೋಡೆಗೆ ಸುಣ್ಣ ಹಚ್ಚಿಸಿದರೋ ಇಲ್ಲವೋ, ಸೋರುವ ಮಾಳಿಗೆಗೆ ದುಡ್ಡು ಹಾಕಬೇಕೋ ಬೇಡವೋ ಅಂತ ಗಂಡ ಹೆಂಡತಿ ಎಷ್ಟು ರಾತ್ರಿ ಜಗಳಾಡಿದರು, ಅದೇ ನನ್ನ ಕಥೆ.

ಆ ಇಪ್ಪತ್ತೆರಡು ಪುಟದಲ್ಲಿ ಆಗಿದ್ದೇನೆಂದರೆ, ನಾನು ನನ್ನ ಕಥೆಯ ಬದಲು ಚಂದ್ರಶೇಖರ ಕಂಬಾರರನ್ನು ಬರೆಯುತ್ತಿದ್ದೆ. ಘೋಡಗೇರಿಯಲ್ಲಿ ಹುಟ್ಟಿದ ಅವರು ಶಿವಾಪುರ ಅನ್ನುವ ಊರನ್ನು ಕಟ್ಟಿಕೊಂಡು, ನಾಟಕ, ಕಾದಂಬರಿ ಅಂತ ಮತ್ತೆ ಮತ್ತೆ ಅಲ್ಲಿಗೇ ಹೋದರು. ನನಗೆ ಆ ಊರಿನ ಮೇಲೆ ಎಷ್ಟು ಪ್ರೀತಿ ಅಂದರೆ, ನನ್ನ ಓಣಿಗೂ ಒಬ್ಬ ದೇವಿ ಬಂದುಬಿಟ್ಟಳು, ಒಂದು ಶಾಪ ಬಂತು, ಮುದುಕರೆಲ್ಲ ಹಾಡಿನಲ್ಲೇ ಮಾತಾಡತೊಡಗಿದರು. ನಮ್ಮ ಓಣಿಯಲ್ಲಿ ಇದ್ದದ್ದು ಮಗ್ಗದ ಸದ್ದು, ನಳದ ಮುಂದೆ ಕೊಡದ ಸಾಲು. ಅವರಿಂದ ತೆಗೆದುಕೊಳ್ಳಬೇಕಾದದ್ದು ದೇವಿಯನ್ನಲ್ಲ, ಒಂದೇ ಊರಿಗೆ ಅಂಟಿಕೊಂಡು ಕೂರುವ ಹಟ. ಅದು ಹೊಳೆದ ದಿನವೇ ಹಳೇ ಕ್ಯಾಲೆಂಡರಿನ ಹಿಂಬದಿಗೆ ಓಣಿಯ ನಕ್ಷೆ ಬರೆದೆ. ಹತ್ತೊಂಬತ್ತು ಬಾಗಿಲು.

ಆಮೇಲೆ ರಾವಬಹಾದ್ದೂರರ 'ಗ್ರಾಮಾಯಣ' ಕಾದಂಬರಿ ಮತ್ತೆ ಓದಿದೆ, ಪೆನ್ಸಿಲ್ ಹಿಡಿದುಕೊಂಡು. ಅವರು ನಮ್ಮ ವಿಜಾಪುರ ಸೀಮೆಯವರೇ. ಅದರಲ್ಲಿ ಊರೇ ನಾಯಕ, ಅಲ್ವಾ? ಇದು ಗೊತ್ತಿದ್ದದ್ದೇ, ಎಲ್ಲರೂ ಹೇಳುವುದೇ. ಆದರೆ ಬರೆಯುವವನಾಗಿ ಓದಿದಾಗ ಬೇರೆ ಪ್ರಶ್ನೆ ಬರುತ್ತದೆ: ನಾಯಕ ಇಲ್ಲದೆ ಓದುಗನ ಕೈ ಹಿಡಿದು ನಡೆಸುವವರು ಯಾರು? ಸುದ್ದಿ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋದಲ್ಲೆಲ್ಲ ಗೆರೆ ಹಾಕುತ್ತಾ ಹೋದೆ. ಕೊನೆಗೆ ಪಟ್ಟಣದಿಂದ ಊರಿಗೆ ಮರಳುವ ನನ್ನ ಗುಮಾಸ್ತನನ್ನು ಕಥೆಯಿಂದ ಬಿಟ್ಟೆ. ಅವನಿಗಾಗಿ ಎರಡು ತಿಂಗಳು ಯೋಚಿಸಿದ್ದೆ, ಬಿಡುವಾಗ ಸಂಕಟವಾಯಿತು. ಈಗ ಒಂದೊಂದು ಅಧ್ಯಾಯಕ್ಕೆ ಒಂದೊಂದು ಬಾಗಿಲು, ಒಂದು ಮನೆಯ ಸುದ್ದಿ ಮುಂದಿನ ಬಾಗಿಲು ತೆರೆಯುತ್ತದೆ.

ಎಲ್ಲಿಂದ ಶುರು ಮಾಡಬೇಕು ಅನ್ನುವುದು ಮಾತ್ರ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಗುರುವಾರ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮನೆ ಬಿಡುವಾಗ ಮೊದಲು ಏನು ತೆಗೆದಿರಿ ಅಂತ ಸುಮ್ನೆ ಕೇಳಿದೆ.

"ತಲಬಾಗಿಲಾ ತಮ್ಮಾ. ಚೌಕಟ್ಟ ಸಮೇತ ಕಿತ್ತೀವಿ. ಅದನ್ನ ಕಿತ್ತಮ್ಯಾಲ ಒಳಗ ಹೋಗಾಕ ಮನಸ್ಸ ಆಗಲಿಲ್ಲ."

ಆ ಚೌಕಟ್ಟು ಈಗ ನಮ್ಮ ಸೆಕ್ಟರ್ ಮನೆಯಲ್ಲೇ ಇದೆ. ದಿನಾ ಅದರೊಳಗೇ ಓಡಾಡುತ್ತೇನೆ. ಹೊಸ ಗೋಡೆಗೆ ಗಿಡ್ಡವಾಗಿದ್ದಕ್ಕೆ ಗೌಂಡಿ ಮೇಲೆ ಮೂರು ಸಾಲು ಇಟ್ಟಿಗೆ ಕಟ್ಟಿದ್ದಾನೆ, ಅಲ್ಲಿ ಸಿಮೆಂಟಿನ ಬಣ್ಣವೇ ಬೇರೆ. ಅವತ್ತು ಟಾರ್ಚ್ ಹಿಡಿದು ನೋಡಿದೆ. ಬಲಗಡೆ ಎಣ್ಣೆಬಣ್ಣದ ಅಡಿಯಲ್ಲಿ ಸರ್ವೆಯವರು ಬರೆದಿದ್ದ ನಂಬರು ಉಬ್ಬಿಕೊಂಡು ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಅವ್ವ ಹಬ್ಬಕ್ಕೆ ಕುಂಕುಮ ಹಚ್ಚುವುದು ಸರಿಯಾಗಿ ಅದರ ಮೇಲೆಯೇ.

ನಾಲ್ಕು ಪುಟ ಅಲ್ಲಿಂದ ಬಂದವು. ಬಾಗಿಲು ಕೀಳುವ ಬೆಳಿಗ್ಗೆ, ಬಡಿಗ ಬಂದಿದ್ದಾನೆ, ಮನೆಯವರು ಯಾರೂ ಮೊದಲ ಏಟು ಹಾಕು ಅನ್ನುತ್ತಿಲ್ಲ. ಎದುರು ಮನೆಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಾರೆ, ಅವರ ಬಾಗಿಲಿನ ಪಾಳಿ ನಾಡಿದ್ದು.

ನಕ್ಷೆಯಲ್ಲಿ ಏಳನೇ ಮತ್ತು ಹದಿನಾಲ್ಕನೇ ಬಾಗಿಲಿಗೆ ಇನ್ನೂ ಜನ ಸಿಕ್ಕಿಲ್ಲ. ಹದಿನಾಲ್ಕರಲ್ಲಿ ಯಾರಿದ್ದರು ಅನ್ನುವುದರ ಬಗ್ಗೆ ಅವ್ವನಿಗೂ ದೊಡ್ಡಪ್ಪನಿಗೂ ಮಾತು ಹೊಂದುತ್ತಿಲ್ಲ. ಭಾನುವಾರ ಇಬ್ಬರನ್ನೂ ಎದುರು ಬದುರು ಕೂರಿಸಿ ಕೇಳುತ್ತೇನೆ.